ಪರದೆಯ ಮೇಲೊಂದು ಹಂಡೆ ಒಲೆ

ಹೊಸನಗರದ ಕಡೆಯ ನಮ್ಮ ಮನೆಗೆ ಸೋಲಾರ್ ಬಂದು ಎಷ್ಟೋ ವರ್ಷವಾಯಿತು. ಆದರೂ ಮಳೆಗಾಲದ ನಾಲ್ಕು ತಿಂಗಳು ಬಚ್ಚಲಿನಲ್ಲಿ ಹಂಡೆ ಒಲೆಯದೇ ಆಳ್ವಿಕೆ. ಸೂರ್ಯ ಮುಖ ತೋರಿಸದ ಊರಲ್ಲಿ ಸೋಲಾರ್ ನಂಬಿ ಸ್ನಾನಕ್ಕೆ ಹೋದವರ ಪಾಡು ಹೇಳಬಾರದು. ಹೋದ ವರ್ಷ ಜುಲೈನಲ್ಲಿ ಅಕ್ಕನ ಮಗ ಬಂದಿದ್ದ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವ ಹುಡುಗ. ಗ್ರಾಫಿಕ್ಸ್ ವಿಷಯಕ್ಕೆ ಏನಾದರೂ ಅಲ್ಲಾಡುವಂಥದ್ದು ಮಾಡಿ ತೋರಿಸಬೇಕಿತ್ತಂತೆ. ಬೆಂಕಿ ಮಾಡುತ್ತೇನೆಂದು ಹೊರಟು, ಎರಡು ದಿನ ಕೂತು, ಕೊನೆಗೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

ವೀಳ್ಯದೆಲೆಯ ಆಕಾರದ ಮೂರು ಜ್ವಾಲೆ. ಹೊರಗೆ ಕೆಂಪು, ಒಳಗೆ ಹಳದಿ. ಒಂದೇ ತಾಳದಲ್ಲಿ ಏರಿ ಇಳಿಯುವ ಸೈನ್ ಅಲೆ ಹಾಕಿ ಮೂರನ್ನೂ ಬಳುಕಿಸಿದ್ದ. ಪಟಾಕಿ ಡಬ್ಬಿಯ ಮೇಲಿನ ಚಿತ್ರಕ್ಕೆ ಯಾರೋ ಬೀಸಣಿಗೆ ಬೀಸಿದ ಹಾಗೆ ಕಾಣುತ್ತಿತ್ತು.

"ಬೆಂಕಿ ಥರ ಇಲ್ಲ ಅಲ್ವಾ ಮಾವ?" ಅಂತ ಅವನೇ ಕೇಳಿದ.

ಇರಲಿಲ್ಲ. ಅವನು ಜ್ವಾಲೆಯ ಆಕಾರವನ್ನು ಮೊದಲು ತೀರ್ಮಾನಿಸಿ, ಆಮೇಲೆ ಅದನ್ನು ಕುಣಿಸಲು ಹೊರಟಿದ್ದ. ಸೈನ್ ಅಲೆ ಎರಡು ಸುತ್ತು ಮುಗಿಸುವುದರೊಳಗೆ ಕಣ್ಣಿಗೆ ಅದರ ಗುಟ್ಟು ಗೊತ್ತಾಗಿಬಿಡುತ್ತದೆ. ಒಲೆಯ ಮುಂದೆ ಕೂತವರಿಗೆ ಗೊತ್ತು, ಒಮ್ಮೆ ಬಂದ ಜ್ವಾಲೆ ಇನ್ನೊಮ್ಮೆ ಬರುವುದಿಲ್ಲ. ಹಾಗಿದ್ದ ಮೇಲೆ ಆಕಾರ ಬರೆಯುವ ಕೆಲಸವನ್ನೇ ಬಿಡಬೇಕು. ಕಂಪ್ಯೂಟರಿನಲ್ಲಿ ಬೆಂಕಿ ಮಾಡುವ ಹಳೆಯ, ಸುಲಭದ, ನನಗೆ ಇಂದಿಗೂ ಅತ್ಯಂತ ಇಷ್ಟದ ವಿಧಾನದಲ್ಲಿ ಜ್ವಾಲೆ ಅನ್ನುವ ವಸ್ತುವೇ ಇಲ್ಲ. ತಳದಲ್ಲಿ ಕಟ್ಟಿಗೆ ಇದೆ, ಬಿಸಿ ಮೇಲೇರುವುದಕ್ಕೆ ಒಂದು ಲೆಕ್ಕ ಇದೆ. ಉಳಿದದ್ದೆಲ್ಲ ತಾನಾಗಿ ಆಗುತ್ತದೆ.

ಪರದೆಯನ್ನು ಚೌಕಗಳ ಹಾಸು ಅಂದುಕೊಳ್ಳಿ. ಲೆಕ್ಕದ ಪುಸ್ತಕದ ಚೌಕದ ಹಾಳೆಯ ಹಾಗೆ, ಅಗಲಕ್ಕೆ 80 ಚೌಕ, ಎತ್ತರಕ್ಕೆ 50. ಒಟ್ಟು 4,000. ಪ್ರತಿ ಚೌಕದಲ್ಲಿ ಒಂದು ಸಂಖ್ಯೆ ಬರೆದಿಡುತ್ತೇವೆ, 0ಯಿಂದ 255ರವರೆಗೆ. ಅದು ಬಣ್ಣದ ಸಂಖ್ಯೆ ಅಲ್ಲ, ಆ ಜಾಗ ಎಷ್ಟು ಬಿಸಿ ಅನ್ನುವುದರ ಅಳತೆ. 0 ಅಂದರೆ ತಣ್ಣಗೆ, 255 ಅಂದರೆ ಧಗಧಗ. ಇದನ್ನು ಮೊದಲೇ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಕೆಂಪು ಹೇಗೆ ಮೇಲೇರುತ್ತದೆ, ಹಳದಿ ಹೇಗೆ ಕೆಂಪಾಗುತ್ತದೆ ಎಂದೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ಬಿಸಿಯ ಲೆಕ್ಕ ಮುಗಿಯುವ ತನಕ ಬಣ್ಣವನ್ನು ಮರೆತುಬಿಡಿ.

ಲೆಕ್ಕ ಇಷ್ಟೇ:

ಪ್ರತಿ ಫ್ರೇಮಿಗೂ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಒಂದೊಂದು ಚಿತ್ರಕ್ಕೂ)
— ತಳದ ಸಾಲಿಗೆ ಕಟ್ಟಿಗೆ ಹಾಕು (ಅಂದರೆ ಬಿಸಿಯ ಸಂಖ್ಯೆ ತುಂಬು)
— ಎಲ್ಲಕ್ಕಿಂತ ಮೇಲಿನ ಸಾಲಿನಿಂದ ಶುರುಮಾಡಿ ಕೆಳಗಿಳಿಯುತ್ತ, ಪ್ರತಿ ಚೌಕಕ್ಕೂ:
ಬಿಸಿ = (ಕೆಳಗಿನ ಎಡ + ನೇರ ಕೆಳಗೆ + ಕೆಳಗಿನ ಬಲ) ÷ 3 − ಕಡಿತ
— ಬಿಸಿ 0ಗಿಂತ ಕಡಿಮೆ ಬಂದರೆ 0 ಎಂದೇ ಬರೆ
— ಕೊನೆಗೆ ಪ್ರತಿ ಬಿಸಿಗೂ ಬಣ್ಣದ ಪಟ್ಟಿಯಲ್ಲಿ ಬಣ್ಣ ನೋಡಿ ಪರದೆಗೆ ಬಳಿ

ಕಡಿತ ಅಂದರೆ ಸಂಬಳದ ಚೀಟಿಯಲ್ಲಿ ಇರುತ್ತದಲ್ಲ, ಅಂಥದ್ದೇ. ಮೇಲಿನ ಸಾಲಿಗೆ ಏರುವ ಪ್ರತಿ ಹೆಜ್ಜೆಗೂ ಬಿಸಿಯಿಂದ ಸ್ವಲ್ಪ ಮುರಿದುಕೊಳ್ಳುವುದು.

ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದರೆ ಇದು ಮನಸ್ಸಿಗೆ ಕೂರುತ್ತದೆ. ನಾನು ಅವನಿಗೆ ಹಳೆಯ ಡೈರಿಯ ಹಾಳೆಯಲ್ಲಿ ಮಾಡಿಸಿದ್ದೂ ಅದನ್ನೇ. ತಳದ ಸಾಲಿನಲ್ಲಿ ಏಳು ಚೌಕ ತೆಗೆದುಕೊಳ್ಳಿ: 255, 255, 0, 0, 255, 0, 255. ಕಡಿತ 10 ಇರಲಿ. ಅದರ ಮೇಲಿನ ಸಾಲಿನ ಎರಡನೆಯ ಚೌಕಕ್ಕೆ ಕೆಳಗಿನ ಮೂರು ನೆರೆಯವರು 255, 255, 0. ಕೂಡಿಸಿದರೆ 510, ಮೂರರಿಂದ ಭಾಗಿಸಿದರೆ 170, ಹತ್ತು ಕಳೆದರೆ 160. ಮುಂದಿನದಕ್ಕೆ 255, 0, 0. ಭಾಗಿಸಿದರೆ 85, ಕಳೆದರೆ 75. ಹೀಗೇ ಹೋದರೆ ಎರಡನೆಯ ಸಾಲು 160, 75, 75, 75, 160 ಆಗುತ್ತದೆ. ಅದಕ್ಕೂ ಮೇಲೆ 93, 65, 93. ಇನ್ನೂ ಮೇಲೆ, ನಟ್ಟನಡುವೆ, 73.

ಈ ಕೊನೆಯ ಎರಡು ಸಾಲನ್ನು ಸ್ವಲ್ಪ ದಿಟ್ಟಿಸಿ ನೋಡಿ. ನಡುವಿನ ಚೌಕ ಮೂರನೆಯ ಸಾಲಿನಲ್ಲಿ 65ಕ್ಕೆ ಇಳಿದಿತ್ತು. ಒಂದು ಮೆಟ್ಟಿಲು ಮೇಲೇರಿದ ಮೇಲೆ ಇನ್ನೂ ಇಳಿಯಬೇಕಿತ್ತಲ್ಲ, 73 ಆಗಿದೆ. ಎಡಬಲದ ಎರಡು ಬಿಸಿಯ ಕಂಬಗಳು ಮೇಲೆ ಹೋಗುತ್ತ ಹರಡಿ, ನಡುವಿನ ಸಂದಿಯನ್ನು ತುಂಬಿದವು. ಒಲೆಯಲ್ಲಿ ಎರಡು ಕಟ್ಟಿಗೆಯ ಉರಿ ಮೇಲೆ ಸೇರಿ ಒಂದಾಗುವುದು ಇದೇ. ಎರಡು ಜ್ವಾಲೆ ಸೇರಬೇಕು ಅಂತ ನಾವು ಎಲ್ಲೂ ಬರೆದಿಲ್ಲ. ಸೇರಿದವು.

ಜ್ವಾಲೆಗೆ ಚೂಪು ತುದಿ ಬರುವುದೂ ಹೀಗೆಯೇ. ತಳದಲ್ಲಿ ಹತ್ತು ಚೌಕದಷ್ಟು ಅಗಲದ ಬಿಸಿ ಇದೆ ಅನ್ನಿ. ಅಂಚಿನ ಚೌಕಗಳಿಗೆ ಒಂದು ಪಕ್ಕದಲ್ಲಿ ತಣ್ಣನೆಯ ನೆರೆಯವರು. ಅವರ ಜೊತೆ ಸರಾಸರಿ ಹಂಚಿಕೊಂಡು ಅಂಚು ಬೇಗ ಆರುತ್ತದೆ. ನಡುವಿನವರಿಗೆ ಎರಡೂ ಕಡೆ ಬಿಸಿ ನೆರೆ, ಹಾಗಾಗಿ ಅವರು ಹೆಚ್ಚು ದೂರ ಏರುತ್ತಾರೆ. ಸಾಲು ಸಾಲಿಗೂ ಅಂಚು ಕರಗುತ್ತ ಹೋಗಿ ನಡು ಮಾತ್ರ ಉಳಿದರೆ ಅದು ಜ್ವಾಲೆಯ ನಾಲಿಗೆ. ನಿಜದ ಒಲೆಯಲ್ಲೂ ಕಾರಣ ತೀರ ಬೇರೆಯೇನಲ್ಲ. ಬಿಸಿ ಗಾಳಿ ಹಗುರ, ಮೇಲೇಳುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಪಕ್ಕಗಳಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಹೊರಗಿನ ಅಂಚು ಮೊದಲು ಬೆರೆತು ತಣ್ಣಗಾಗುತ್ತದೆ.

ಪಕ್ಕದವರನ್ನು ನೋಡಿ ತನ್ನ ಸ್ಥಿತಿ ತೀರ್ಮಾನಿಸುವ ಇಂಥ ಚೌಕದ ಲೆಕ್ಕಕ್ಕೆ ಸೆಲ್ಯುಲರ್ ಆಟೊಮೇಟನ್ ಎಂಬ ದೊಡ್ಡ ಹೆಸರಿದೆ. ಜಾನ್ ಕಾನ್ವೇ ಎಂಬ ಗಣಿತಜ್ಞರ 1970ರ ಗೇಮ್ ಆಫ್ ಲೈಫ್ ಇದೇ ಕುಟುಂಬದ್ದು. ಹೆಸರು ಕೇಳಿ ಹೆದರುವಂಥದ್ದೇನೂ ಇಲ್ಲ, ಈಗಷ್ಟೇ ಡೈರಿ ಹಾಳೆಯಲ್ಲಿ ಮಾಡಿದೆವಲ್ಲ.

ಇನ್ನು ಕಡಿತದ ವಿಷಯ. ಬೆಂಕಿಯ ಎತ್ತರ ಇರುವುದೇ ಇದರ ಕೈಯಲ್ಲಿ. ತಳದ ಸಾಲಿನಲ್ಲಿ ಅರ್ಧ ಚೌಕ 255, ಅರ್ಧ 0 ಇದ್ದರೆ ಸರಾಸರಿ ಬಿಸಿ ಸುಮಾರು 127. ಸಾಲಿಗೆ 5ರಂತೆ ಕಡಿದರೆ 25 ಸಾಲು ಏರುವಷ್ಟರಲ್ಲಿ ಎಲ್ಲ ಖಾಲಿ. 50 ಸಾಲಿನ ಹಾಸಿನಲ್ಲಿ ಅರ್ಧಕ್ಕೆ ಬೆಂಕಿ, ಮೇಲೆ ಕತ್ತಲು, ನೋಡಲು ಚಂದ. ಕಡಿತವನ್ನು 2 ಮಾಡಿದರೆ ಪರದೆಯ ಸೂರಿಗೇ ಬೆಂಕಿ ಹತ್ತುತ್ತದೆ. ಸೊನ್ನೆ ಮಾಡಿದರೆ ಬೆಂಕಿಯೇ ಇರುವುದಿಲ್ಲ, ಇಡೀ ಪರದೆಗೆ ಆಗುಂಬೆಯ ಸಂಜೆಯಂಥ ಕಿತ್ತಳೆ ಮಂಜು ಕವಿಯುತ್ತದೆ.

ಕಳೆಯುವ ಬದಲು ಗುಣಿಸಬಾರದೇ, ಪ್ರತಿ ಸಾಲಿಗೂ ಬಿಸಿಯ ನೂರರಲ್ಲಿ 97 ಪಾಲು ಉಳಿಸಿಕೊಂಡು ಶೇಕಡ 3 ಬಿಟ್ಟರಾಯಿತಲ್ಲ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನಿಜದ ವಸ್ತುಗಳು ತಣ್ಣಗಾಗುವುದು ಹೆಚ್ಚುಕಮ್ಮಿ ಹಾಗೇ, ಬಿಸಿ ಹೆಚ್ಚಿದ್ದಾಗ ಬೇಗ, ಕಡಿಮೆಯಾದಂತೆ ನಿಧಾನ. ಮಾಡಿಯೂ ನೋಡಿದೆವು. 255ರಿಂದ ಹೊರಟ ಬಿಸಿ ನೂರು ಸಾಲು ದಾಟಿದ ಮೇಲೂ 12 ಉಳಿದಿರುತ್ತದೆ. ಪೂರ್ತಿ ಆರುವುದೇ ಇಲ್ಲ. ತುದಿ ಇಲ್ಲದ, ಹೊಗೆಯಂತೆ ಮಸುಕಾಗುತ್ತ ಹೋಗುವ ಬೆಂಕಿ. ಕಳೆಯುವ ಲೆಕ್ಕದಲ್ಲಾದರೆ ಒಂದು ಸಾಲಿನಲ್ಲಿ ಬಿಸಿ ಇದೆ, ಮುಂದಿನದರಲ್ಲಿ ಸೊನ್ನೆ. ಜ್ವಾಲೆಗೆ ಕತ್ತರಿಸಿದಂತೆ ಅಂಚು ಬರುತ್ತದೆ. ವಿಜ್ಞಾನಕ್ಕೆ ಹತ್ತಿರ ಇರುವುದು ಕಣ್ಣಿಗೆ ದೂರ ಆಗುವ ಇಂಥ ಪ್ರಸಂಗ ಗ್ರಾಫಿಕ್ಸ್‌ನಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ನನ್ನ ಮತ ಯಾವತ್ತೂ ಕಣ್ಣಿಗೆ.

ಇಷ್ಟು ಮಾಡಿ ತಳದ ಸಾಲಿಗೆ ಪ್ರತಿ ಫ್ರೇಮಿನಲ್ಲೂ ಮನಸ್ಸಿಗೆ ಬಂದ ಸಂಖ್ಯೆ, ಅಂದರೆ ರ‍್ಯಾಂಡಮ್ ಸಂಖ್ಯೆ ತುಂಬಿ ಓಡಿಸಿದೆವು. ಬಂದದ್ದು ಬೆಂಕಿಯ ಹುಲ್ಲುಹಾಸು. ಎಲ್ಲ ಕಡೆ ಒಂದೇ ಎತ್ತರ, ಸಣ್ಣಗೆ ಗಿಜಿಗಿಜಿ, ನಾಲಿಗೆ ಚಾಚುವ ಒಂದು ಜ್ವಾಲೆಯೂ ಇಲ್ಲ. ಕಡಿತ ಹೆಚ್ಚಿಸಿದರೂ ಅಷ್ಟೇ, ಇಳಿಸಿದರೂ ಅಷ್ಟೇ.

ಆ ಹೊತ್ತಿಗೆ ಕರೆಂಟು ಹೋಯಿತು, ಬ್ಯಾಟರಿಯೂ ಕೆಂಪಿಗೆ ಬಂದಿತ್ತು. ಹುಡುಗ ಸ್ನಾನಕ್ಕಾದರೂ ಹೋಗೋಣ ಎಂದು ಬಚ್ಚಲಿಗೆ ಹೋಗಿ ಒಲೆಗೆ ಕಟ್ಟಿಗೆ ತುರುಕತೊಡಗಿದ. ಉರಿಯುತ್ತಿದ್ದದ್ದೂ ಹೊಗೆಯಾಡಿತು. ಅಮ್ಮ ಬಂದು ಎರಡು ಕುಂಟೆ ಹೊರಗೆಳೆದು ಬೈದರು. "ಇಷ್ಟು ಒತ್ತಿ ಇಟ್ರೆ ಎಲ್ಲಿ ಹತ್ತತ್ತೆ? ಸಂದಿ ಬಿಡೋ." ಊದುಗೊಳವೆಯಲ್ಲಿ ಎರಡು ಸಲ ಊದಿದ್ದೇ ತಡ, ಕಟ್ಟಿಗೆಗಳ ಸಂದಿಯಿಂದ ಉರಿ ಎದ್ದು ಹಂಡೆಯ ತಳ ನೆಕ್ಕಿತು.

ನಾವು ತಪ್ಪಿದ್ದು ಅದೇ. ಒಂದೊಂದೇ ಚೌಕಕ್ಕೆ ಬೇರೆ ಬೇರೆ ಸಂಖ್ಯೆ, ಅದೂ ಕಣ್ಣು ಮಿಟುಕಿಸುವುದರೊಳಗೆ ಬದಲಾಗುವ ಸಂಖ್ಯೆ ಇಟ್ಟರೆ, ಎರಡು ಸಾಲು ಏರುವಷ್ಟರಲ್ಲಿ ಸರಾಸರಿ ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಕಟ್ಟಿಗೆಗೆ ಅಗಲ ಬೇಕು, ನಡುವೆ ಸಂದಿ ಬೇಕು, ಸ್ವಲ್ಪ ಹೊತ್ತು ಬಾಳಿಕೆ ಬೇಕು. ಕರೆಂಟು ಬಂದ ಮೇಲೆ ತಳದ ಸಾಲನ್ನು ಬದಲಾಯಿಸಿದೆವು: ನಾಲ್ಕರಿಂದ ಎಂಟು ಚೌಕದ ತುಂಡುಗಳು, ಕೆಲವು 255, ಕೆಲವು 0. ಪ್ರತಿ ತುಂಡೂ ಕೆಲವು ಫ್ರೇಮುಗಳ ಕಾಲ ಹಾಗೇ ಉಳಿದು ಆಮೇಲೆ ಬದಲಾಗಬೇಕು. ಓಡಿಸಿದ ತಕ್ಷಣ ನಾಲಿಗೆಗಳು ಎದ್ದವು. ಒಂದು ಎತ್ತರ, ಪಕ್ಕದ್ದು ಗಿಡ್ಡ, ನಡುವೆ ಕತ್ತಲ ಕಣಿವೆ.

ಎಷ್ಟು ಫ್ರೇಮುಗಳ ಕಾಲ ಉಳಿಸಿಕೊಳ್ಳಬೇಕು ಎಂಬುದಕ್ಕೆ ಬೆಂಕಿಯ ಭೌತಶಾಸ್ತ್ರ ಚಂದದ ಒಂದು ಸುಳಿವು ಕೊಡುತ್ತದೆ. ತಳದಿಂದ ಎದ್ದ ಜ್ವಾಲೆ ಒಂದೇ ಸಮ ಉರಿಯುವುದಿಲ್ಲ, ಉಸಿರಾಡಿದ ಹಾಗೆ ಉಬ್ಬಿ ಉಬ್ಬಿ ಏಳುತ್ತದೆ. ಸೆಕೆಂಡಿಗೆ ಎಷ್ಟು ಸಲ ಉಬ್ಬುತ್ತದೆ ಎಂಬುದು ಬೆಂಕಿಯ ತಳದ ಅಗಲವನ್ನು ಅವಲಂಬಿಸಿದೆ. 1.5ನ್ನು ಅಗಲದ ವರ್ಗಮೂಲದಿಂದ ಭಾಗಿಸಿದರೆ ಸುಮಾರಾಗಿ ಉತ್ತರ ಬರುತ್ತದೆ, ಅಗಲ ಮೀಟರಿನಲ್ಲಿರಬೇಕು. 25 ಸೆಂಟಿಮೀಟರಿನ ಹಂಡೆ ಒಲೆಯ ಉರಿ ಸೆಕೆಂಡಿಗೆ 3 ಸಲ ಉಬ್ಬುತ್ತದೆ. ಗೊನೆ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆಯ ಉರಿ ಮೀಟರು ಅಗಲ ಇದ್ದರೆ ಸೆಕೆಂಡಿಗೆ ಒಂದೂವರೆ ಸಲ. ಅಡಿಕೆ ಒಲೆಯ ಉರಿಗೆ ಒಂದು ಗಾಂಭೀರ್ಯ ಇರುತ್ತದೆ, ಬಚ್ಚಲೊಲೆಯದು ಚುರುಕು ಎಂದು ಮೊದಲೆಲ್ಲ ಅನ್ನಿಸುತ್ತಿತ್ತಷ್ಟೆ. ಅದಕ್ಕೊಂದು ವರ್ಗಮೂಲ ಇದೆ ಎಂದು ಗೊತ್ತಾದದ್ದು ಬಹಳ ತಡವಾಗಿ. ಆಟಿಕೆ ಮನೆಗೆ ಬೆಂಕಿ ಹಚ್ಚಿ ದೊಡ್ಡ ಮನೆ ಎಂದು ಸಿನಿಮಾದಲ್ಲಿ ತೋರಿಸಿದರೆ ನಮಗೆ ಕೂಡಲೇ ಅನುಮಾನ ಬರುವುದೂ ಇದರಿಂದಲೇ, ಸಣ್ಣ ಬೆಂಕಿ ಸಣ್ಣದರ ಹಾಗೆಯೇ ಕುಣಿಯುತ್ತದೆ.

ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮು ತೋರಿಸುತ್ತದೆ. ಹಂಡೆ ಒಲೆ ಬೇಕಿದ್ದರೆ ಪ್ರತಿ ತುಂಡು ಸರಾಸರಿ 20 ಫ್ರೇಮಿಗೊಮ್ಮೆ ಬದಲಾಗಲಿ, ಅಡಿಕೆ ಒಲೆ ಬೇಕಿದ್ದರೆ 40ಕ್ಕೊಮ್ಮೆ. ಲೆಕ್ಕ ಇಟ್ಟು ಸರಿಯಾಗಿ 20ಕ್ಕೇ ಬದಲಾಯಿಸಬೇಡಿ, ಎಲ್ಲ ಒಟ್ಟಿಗೆ ಕವಾಯತು ಮಾಡಿದ ಹಾಗಾಗುತ್ತದೆ. ಪ್ರತಿ ಫ್ರೇಮಿನಲ್ಲೂ ಪ್ರತಿ ತುಂಡಿಗೂ 20ರಲ್ಲಿ ಒಂದು ಅವಕಾಶ ಕೊಟ್ಟರೆ ಸಾಕು. ಹಾಗೆಯೇ ಕಡಿತವನ್ನೂ ಎಲ್ಲ ಚೌಕಕ್ಕೂ ಒಂದೇ 5 ಎಂದಿಡದೆ 0ಯಿಂದ 10ರೊಳಗೆ ರ‍್ಯಾಂಡಮ್ ಆಗಿ ಕಡಿದರೆ ಅಂಚು ಹರಿದ ಹಾಗೆ ಕಾಣುತ್ತದೆ, ಎತ್ತರ ಹೆಚ್ಚು ಬದಲಾಗುವುದಿಲ್ಲ.

80×50ರಷ್ಟು ಸಣ್ಣ ಹಾಸು ಯಾಕೆ, ಈಗಿನ ಕಂಪ್ಯೂಟರಿಗೆ ಇದೇನು ಮಹಾ ಎಂದು ಕೇಳಬಹುದು. ವೇಗಕ್ಕಾಗಿ ಅಲ್ಲ. ಈ ಲೆಕ್ಕದಲ್ಲಿ ಬಿಸಿ ಫ್ರೇಮಿಗೆ ಒಂದೇ ಸಾಲು ಏರುತ್ತದೆ. 25 ಸಾಲಿನ ಜ್ವಾಲೆ ತಳದಿಂದ ತುದಿ ಮುಟ್ಟಲು 25 ಫ್ರೇಮು, ಅಂದರೆ ಅರ್ಧ ಸೆಕೆಂಡಿಗಿಂತ ಕಡಿಮೆ. ಇದು ಒಲೆಯ ಉರಿಯ ಓಟಕ್ಕೆ ಹತ್ತಿರ. ಅದೇ ಜ್ವಾಲೆಗೆ 250 ಸಾಲು ಕೊಟ್ಟರೆ ತುದಿ ಮುಟ್ಟಲು 4 ಸೆಕೆಂಡು. ಜೋನಿಬೆಲ್ಲ ಮೇಲಕ್ಕೆ ಹರಿದ ಹಾಗೆ ಕಾಣುತ್ತದೆ. ಸಣ್ಣ ಹಾಸಿನಲ್ಲಿ ಲೆಕ್ಕ ಮಾಡಿ, ಬಳಿಯುವಾಗ ಹತ್ತು ಪಟ್ಟು ಹಿಗ್ಗಿಸಿಕೊಳ್ಳಿ. ಇನ್ನೊಂದು ಮಾತು: ಹೊಸ ಫೋನು, ಲ್ಯಾಪ್‌ಟಾಪುಗಳಲ್ಲಿ ಪರದೆ ಸೆಕೆಂಡಿಗೆ 120 ಫ್ರೇಮು ತೋರಿಸುವುದುಂಟು. ಪರದೆಯ ತಾಳಕ್ಕೆ ಲೆಕ್ಕ ಕಟ್ಟಿಟ್ಟರೆ ಅಲ್ಲಿ ಬೆಂಕಿ ಎರಡು ಪಟ್ಟು ಅವಸರದಲ್ಲಿ ಉರಿಯುತ್ತದೆ. ಎಷ್ಟು ಸಮಯ ಕಳೆದಿದೆ ಎಂದು ಗಡಿಯಾರ ನೋಡಿ ಲೆಕ್ಕ ಓಡಿಸುವುದು ಕ್ಷೇಮ.

ಈಗ ಬಣ್ಣಕ್ಕೆ ಬರೋಣ. ಒಲೆಯ ಉರಿಗೆ ಹಳದಿ ಬಣ್ಣ ಬರುವುದು ಮಸಿಯಿಂದ. ಹಂಡೆಯ ತಳಕ್ಕೆ ಹತ್ತಿ, ಮುಟ್ಟಿದರೆ ಕೈಯೆಲ್ಲ ಕಪ್ಪು ಮಾಡುವ ಅದೇ ಮಸಿ, ಜ್ವಾಲೆಯೊಳಗೆ ಇರುವಾಗ ಕಾದು ಹೊಳೆಯುತ್ತಿರುತ್ತದೆ. ಕಾದ ಘನವಸ್ತು ಸುಮಾರು 525 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಕತ್ತಲಲ್ಲಿ ಮಂಕು ಕೆಂಪಾಗಿ ಕಾಣತೊಡಗುತ್ತದೆ. ಬಿಸಿ ಏರಿದಂತೆ ಕೆಂಪು, ಕಿತ್ತಳೆ, ಹಳದಿ. ಬಣ್ಣದ ಪಟ್ಟಿಯನ್ನೂ ಇದೇ ಕ್ರಮದಲ್ಲಿ ಕಟ್ಟುತ್ತೇವೆ. 256 ಮನೆಗಳ ಪಟ್ಟಿ, ಪ್ರತಿ ಮನೆಯಲ್ಲೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂಬ ಮೂರು ಸಂಖ್ಯೆ. ಸೂತ್ರ ಬಾಯಿಪಾಠ ಮಾಡುವಷ್ಟು ಸುಲಭ:

ಕೆಂಪು = ಬಿಸಿ × 3
ಹಸಿರು = (ಬಿಸಿ − 85) × 3
ನೀಲಿ = (ಬಿಸಿ − 170) × 3

ಯಾವುದೇ ಉತ್ತರ 0ಗಿಂತ ಕಡಿಮೆ ಬಂದರೆ 0, 255 ದಾಟಿದರೆ 255. ಬಿಸಿ 60 ಇದ್ದರೆ ಕೆಂಪು 180, ಉಳಿದೆರಡು ಸೊನ್ನೆ: ಕೆಂಡದ ಬಣ್ಣ. ಬಿಸಿ 150 ಇದ್ದರೆ ಕೆಂಪು 255, ಹಸಿರು 195: ಬಂಗಾರದ ಹಳದಿ. ಬೆಳಕಿನ ಲೆಕ್ಕದಲ್ಲಿ ಕೆಂಪಿಗೆ ಹಸಿರು ಸೇರಿದರೆ ಹಳದಿ ಬರುತ್ತದೆ, ಬಣ್ಣದ ಡಬ್ಬಿಯ ಲೆಕ್ಕ ಇಲ್ಲಿ ನಡೆಯದು. 200 ದಾಟಿದರೆ ನೀಲಿಯೂ ಸೇರುತ್ತ ಬೆಳ್ಳಗಾಗುತ್ತದೆ. ಈ ಬಿಳುಪು ನನಗೆ ಅಷ್ಟು ಹಿಡಿಸುವುದಿಲ್ಲ. ಕಟ್ಟಿಗೆಯ ಉರಿಯ ಬುಡದಲ್ಲಿ ಬಿಳಿ ಇರುವುದನ್ನು ನಾನಂತೂ ಕಂಡಿಲ್ಲ, ಅದು ಕುಲುಮೆಯ ಬಣ್ಣ. ನೀಲಿಯ ಗುಣಕ 3ರ ಬದಲು 1 ಇಟ್ಟರೆ ಬೆಣ್ಣೆಯ ಹಳದಿಗೆ ನಿಲ್ಲುತ್ತದೆ, ಒಲೆಗೆ ಅದೇ ಒಪ್ಪುತ್ತದೆ.

ಬಿಸಿಯನ್ನೂ ಬಣ್ಣವನ್ನೂ ಹೀಗೆ ಬೇರೆ ಇಡುವ ಅಭ್ಯಾಸ ಹುಟ್ಟಿದ್ದು ಬಡತನದಿಂದ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ವಿಜಿಎ ಎಂಬ, ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆ ತಂದಿತು. ಅದರ 320×200 ಪಿಕ್ಸೆಲ್‌ಗಳ ವಿಧಾನದಲ್ಲಿ ಒಂದು ಪಿಕ್ಸೆಲ್‌ಗೆ ಒಂದೇ ಬೈಟ್, ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ. ಒಟ್ಟು 64,000 ಬೈಟ್, ಆಗಿನ ಯಂತ್ರಗಳು ಒಮ್ಮೆಗೆ ಹಿಡಿಯಬಹುದಾಗಿದ್ದ 65,536 ಬೈಟುಗಳ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರುತ್ತಿತ್ತು. ಬೈಟಿನಲ್ಲಿ ಇರುತ್ತಿದ್ದದ್ದು ಬಣ್ಣ ಅಲ್ಲ, ಪ್ಯಾಲೆಟ್ ಎಂಬ ಪಟ್ಟಿಯಲ್ಲಿ ಎಷ್ಟನೆಯ ಮನೆ ಎಂಬ ಸಂಖ್ಯೆ. 2,62,144 ಬಣ್ಣಗಳಲ್ಲಿ ಬೇಕಾದ 256ನ್ನು ಆರಿಸಿ ಪಟ್ಟಿಗೆ ತುಂಬಿಕೊಳ್ಳಬಹುದಿತ್ತು. 1990ರ ದಶಕದಲ್ಲಿ ಡೆಮೊ, ಅಂದರೆ ಕೈಚಳಕ ತೋರಿಸುವ ಪುಟ್ಟ ಗ್ರಾಫಿಕ್ಸ್ ಪ್ರೋಗ್ರಾಂ ಬರೆಯುವ ಹುಡುಗರು ಬಿಸಿಯ ಸಂಖ್ಯೆಯನ್ನೇ ನೇರವಾಗಿ ಆ ಬೈಟಿಗೆ ಬರೆದರು. ಬಣ್ಣ ಹಚ್ಚುವ ಕೆಲಸ ಯಂತ್ರವೇ ಮಾಡುತ್ತಿತ್ತು. ಪ್ರತ್ಯೇಕ ಕಡಿತವನ್ನೂ ಕೆಲವರು ಇಡುತ್ತಿರಲಿಲ್ಲ. ಪೂರ್ಣಾಂಕಗಳನ್ನು ಭಾಗಿಸುವಾಗ ಉಳಿಯುವ ಶೇಷವನ್ನು ಯಂತ್ರ ಬಿಸಾಡುತ್ತದಲ್ಲ, ಆ ಚಿಲ್ಲರೆ ನಷ್ಟವೇ ಸಾಲು ಸಾಲಿಗೂ ಸೇರಿ ಬೆಂಕಿಯನ್ನು ಆರಿಸುತ್ತಿತ್ತು.

ಇನ್ನೂ ಜಿಪುಣತನದ ಬೆಂಕಿ 1995ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಡೂಮ್ ಆಟದಲ್ಲಿತ್ತು. ಇವತ್ತು ಅದನ್ನು ಮತ್ತೆ ಬರೆಯುವವರು ಸಾಮಾನ್ಯವಾಗಿ ಬಳಸುವ ರೂಪದಲ್ಲಿ ಸರಾಸರಿಯೇ ಇಲ್ಲ. ತಳದ ಸಾಲು ಸದಾ 36, ಅಲ್ಲಿ ಬಿಸಿಯ ಗರಿಷ್ಠ ಅಳತೆ ಅಷ್ಟೇ. ಪ್ರತಿ ಚೌಕ ತನ್ನ ಬಿಸಿಯನ್ನು ಮೇಲಿನ ಸಾಲಿಗೆ ದಾಟಿಸುತ್ತದೆ, ದಾಟಿಸುವಾಗ ನಾಣ್ಯ ಚಿಮ್ಮಿದ ಹಾಗೆ ಒಮ್ಮೆ ಒಂದು ಕಡಿಯುತ್ತದೆ, ಒಮ್ಮೆ ಕಡಿಯುವುದಿಲ್ಲ, ಜೊತೆಗೆ ಒಂದೆರಡು ಚೌಕ ಪಕ್ಕಕ್ಕೆ ಎಸೆಯುತ್ತದೆ. ಸರಾಸರಿ ಅರ್ಧ ಕಡಿದರೆ 36 ಮುಗಿಯಲು 72 ಸಾಲು ಬೇಕು, ಬೆಂಕಿಯ ಎತ್ತರ ಅಷ್ಟು. ಪಕ್ಕಕ್ಕೆ ಎಸೆಯುವಾಗ ಎಡಕ್ಕೆ ಸ್ವಲ್ಪ ಪಕ್ಷಪಾತ ಮಾಡಿದರೆ ಗಾಳಿ ಬೀಸಿದಂತೆ ಇಡೀ ಬೆಂಕಿ ಎಡಕ್ಕೆ ವಾಲುತ್ತದೆ. ನಮ್ಮ ಸರಾಸರಿ ಲೆಕ್ಕದಲ್ಲೂ ಗಾಳಿ ತರಬಹುದು, ಮೂರು ನೆರೆಯವರನ್ನು ಒಂದು ಚೌಕ ಬಲಕ್ಕೆ ಸರಿದು ಓದಿದರೆ ಬಿಸಿ ಎಡಕ್ಕೆ ಹರಿಯುತ್ತದೆ.

ಕೆಡುವ ಬಗೆಗಳನ್ನೂ ಹೇಳಬೇಕು, ಬರೆದು ನೋಡುವವರಿಗೆ ಇವೇ ಸಿಗುವುದು.

ಮೊದಲನೆಯದು ನನ್ನದೇ ಹಳೆಯ ತಪ್ಪು. ಕಲಿಯುವ ಕಾಲದಲ್ಲಿ, ಬೆಂಕಿ ಕೆಳಗಿನಿಂದ ಮೇಲೆ ಹೋಗುತ್ತದೆ ತಾನೇ ಎಂದು ಸಾಲು ಸಾಲಾಗಿ ಲೆಕ್ಕ ಮಾಡುವ ಲೂಪನ್ನೂ ತಳದಿಂದ ಮೇಲಕ್ಕೆ ಓಡಿಸಿದ್ದೆ. ಜ್ವಾಲೆಯ ಆಕಾರ ಸರಿ ಇತ್ತು, ಆದರೆ ಅದು ಏರುತ್ತಲೇ ಇರಲಿಲ್ಲ, ಇಡೀ ಬೆಂಕಿ ಒಮ್ಮೆಗೇ ನಡುಗುತ್ತಿತ್ತು. ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕೆಳಗಿನ ಸಾಲನ್ನು ಮೊದಲು ಬದಲಾಯಿಸಿ, ಬದಲಾದ ಆ ಸಾಲನ್ನೇ ನೋಡಿ ಮೇಲಿನದನ್ನು ಬದಲಾಯಿಸಿದರೆ, ಈಗಷ್ಟೇ ಹಾಕಿದ ಕಟ್ಟಿಗೆಯ ಬಿಸಿ ಅದೇ ಫ್ರೇಮಿನಲ್ಲಿ ತುದಿ ಮುಟ್ಟಿಬಿಡುತ್ತದೆ. ಮೇಲಿನಿಂದ ಇಳಿದರೆ ಪ್ರತಿ ಸಾಲೂ ತನ್ನ ಕೆಳಗಿನವರ ಹಳೆಯ ಬಿಸಿಯನ್ನು ಓದುತ್ತದೆ. ಅದಕ್ಕೇ ಮೇಲೆ ಲೆಕ್ಕದಲ್ಲಿ ಮೇಲಿನ ಸಾಲಿನಿಂದ ಎಂದು ಬರೆದದ್ದು.

ಎರಡನೆಯದು ಹುಡುಗನದು. ಬೆಂಕಿಯ ತುದಿಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತಿದ್ದವು. "ಮಾವ, ಕಿಡಿ ತಾನಾಗೇ ಬಂತು!" ಎಂದು ಕುಣಿದ. ನನಗೂ ಒಂದು ಗಳಿಗೆ ಖುಷಿಯೇ ಆಯಿತು, ಇಷ್ಟೆಲ್ಲ ತಾನಾಗಿ ಬಂದ ಮೇಲೆ ಕಿಡಿಯೂ ಬಂದಿರಬಹುದು ಎಂದು. ಆದರೆ ಕಿಡಿ ಹಾರಬೇಕು, ಇವು ಕೂತಲ್ಲೇ ಮಿನುಗುತ್ತಿದ್ದವು. ನೋಡಿದರೆ, ಬಿಸಿ 3 ಇದ್ದ ಕಡೆ 10 ಕಡಿದು −7 ಬಂದಿದೆ. ಬೈಟಿಗೆ ಋಣ ಸಂಖ್ಯೆ ಗೊತ್ತಿಲ್ಲ. ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿ ಹನ್ನೆರಡು ದಾಟಿ ಹನ್ನೊಂದಕ್ಕೆ ಬಂದ ಹಾಗೆ, ಸೊನ್ನೆಯ ಹಿಂದೆ ಹೋದದ್ದು 255ರ ಕಡೆಯಿಂದ ಬಂದು 249 ಆಗಿದೆ. ಇನ್ನೇನು ಆರಬೇಕಿದ್ದ ಚೌಕ ಎಲ್ಲಕ್ಕಿಂತ ಪ್ರಖರವಾಗಿದೆ. 0ಗಿಂತ ಕಡಿಮೆಯಾದರೆ 0 ಎನ್ನುವ ಸಾಲನ್ನು ಅವನು ಬರೆದಿರಲಿಲ್ಲ. ಬರೆದ ಮೇಲೆ ಕಿಡಿ ಹೋಯಿತು, ಅವನಿಗೆ ಸ್ವಲ್ಪ ಬೇಜಾರೂ ಆಯಿತು.

ಇನ್ನುಳಿದವು ಸಣ್ಣವು. ಎಲ್ಲ ಚೌಕಗಳನ್ನೂ ಒಂದೇ ಉದ್ದನೆಯ ಪಟ್ಟಿಯಲ್ಲಿ, ಅಂದರೆ ಅರೇಯಲ್ಲಿ ಇಡುತ್ತೇವೆ, ಸಾಲಿನ ಸಂಖ್ಯೆಯನ್ನು 80ರಿಂದ ಗುಣಿಸಿ ಅಡ್ಡ ಸ್ಥಾನ ಕೂಡಿಸಿದರೆ ಚೌಕದ ವಿಳಾಸ. ಈ ಲೆಕ್ಕದಲ್ಲಿ ಎಡ ಅಂಚಿನ ಚೌಕದ ಎಡ ನೆರೆ ಅಂದರೆ ಹಿಂದಿನ ಸಾಲಿನ ಬಲ ಅಂಚು. ಎಡಗೋಡೆಗೆ ಹತ್ತಿದ ಬೆಂಕಿ ಬಲಗೋಡೆಯಲ್ಲಿ ಸೋರಿದರೆ ಕಾರಣ ಇದು, ಅಂಚಿನ ಚೌಕಗಳನ್ನು ಬಿಟ್ಟು ಲೆಕ್ಕ ಮಾಡಿ. ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಜಾಗವಾದ ಕ್ಯಾನ್ವಾಸ್‌ನಲ್ಲಿ ಮಾಡುವವರು ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಯ ಜೊತೆ ಪಾರದರ್ಶಕತೆಯ ನಾಲ್ಕನೆಯ ಸಂಖ್ಯೆ ಬರೆಯಬೇಕು. ಅದಕ್ಕೆ 255 ಹಾಕಲು ಮರೆತರೆ ಎಲ್ಲ ಲೆಕ್ಕ ಸರಿ ಇದ್ದೂ ಪರದೆಯಲ್ಲಿ ಏನೂ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ದಾರಿಗಳು ಬೇರೆ ಇವೆ. ಸಾವಿರಾರು ಕಣಗಳನ್ನು ಚಿಮ್ಮಿಸಿ ಬೆಂಕಿ ಕಟ್ಟುವ ವಿಧಾನವನ್ನು ವಿಲಿಯಂ ರೀವ್ಸ್ 1983ರಲ್ಲಿ ವಿವರಿಸಿದರು, ನಿಜವಾದ ಕಿಡಿ ಬೇಕಿದ್ದರೆ ಅದೇ ಸರಿ. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್ ಎಂಬ, ನಯವಾಗಿ ಏರಿಳಿಯುವ ರ‍್ಯಾಂಡಮ್ ಸಂಖ್ಯೆಗಳ ವಿಧಾನ ಇಂದಿನ ಆಟಗಳ ಬೆಂಕಿ, ಮೋಡಗಳಲ್ಲೆಲ್ಲ ಇದೆ. ದ್ರವ, ಅನಿಲಗಳ ಹರಿವನ್ನೇ ಲೆಕ್ಕ ಹಾಕುವ ಜೋಸ್ ಸ್ಟಾಮ್ ಅವರ 1999ರ ವಿಧಾನವೂ ಇದೆ. ಅವೆಲ್ಲ ಇನ್ನೊಂದು ದಿನಕ್ಕೆ.

ಹುಡುಗನಿಗೆ ಅಷ್ಟರಲ್ಲಿ ಹೊಸ ಹುಚ್ಚು ಹತ್ತಿತ್ತು. ಪಟ್ಟಿಯಲ್ಲಿ ಕೆಂಪಿನ ಸೂತ್ರವನ್ನು ನೀಲಿಗೂ ನೀಲಿಯದನ್ನು ಕೆಂಪಿಗೂ ಅದಲುಬದಲು ಮಾಡಿದ. ಎರಡು ಸಾಲು ಬದಲಾಯಿಸಿದ್ದಕ್ಕೆ ಇಡೀ ಒಲೆ ನೀಲಿಯಾಗಿ ಉರಿಯತೊಡಗಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋಗಿ, "ಅಜ್ಜಿ, ಗ್ಯಾಸ್ ಒಲೆ ನೋಡು" ಎಂದ.

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಗ್ಯಾಸಿನ ಉರಿ ಹೀಗೆ ಓಲಾಡತ್ತನೋ? ಅದು ನೆಟ್ಟಗೆ ನಿಂತಿರತ್ತೆ."

ನಿಜ. ಗ್ಯಾಸ್ ಒಲೆಯಲ್ಲಿ ಅನಿಲ ಉರಿಯುವ ಮೊದಲೇ ಗಾಳಿಯ ಜೊತೆ ಬೆರೆತು ಬರುತ್ತದೆ. ಪೂರ್ತಿ ಉರಿದುಹೋಗುವುದರಿಂದ ಹೊಳೆಯಲು ಮಸಿ ಇಲ್ಲ, ಹಾಗಾಗಿ ಹಳದಿ ಇಲ್ಲ. ಸಣ್ಣ ಸಣ್ಣ ತೂತುಗಳಿಂದ ಒತ್ತಡದಲ್ಲಿ ಬರುವುದರಿಂದ ಗಿಡ್ಡಗೆ, ಅಲುಗದೆ ನಿಲ್ಲುತ್ತದೆ. ಬಣ್ಣ ಬದಲಾಯಿಸಿದರೆ ಸಾಲದು, ಕಟ್ಟಿಗೆಯನ್ನೂ ಬದಲಾಯಿಸಬೇಕು. ಹುಡುಗ ಅಡುಗೆಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ತಳದ ತುಂಡುಗಳನ್ನು ಬದಲಾಗದಂತೆ ನಿಲ್ಲಿಸಿದ, ಸಮ ಅಂತರದಲ್ಲಿ ನಾಲ್ಕು ನಾಲ್ಕು ಚೌಕ, ಎಲ್ಲ 255. ಕಡಿತದಲ್ಲಿನ ರ‍್ಯಾಂಡಮ್ ತೆಗೆದು 12 ಎಂದು ಬರೆದ. ಸಾಲಾಗಿ ಗಿಡ್ಡ ನೀಲಿ ಮೊಗ್ಗುಗಳು ಎದ್ದು ನಿಂತವು. ಅಮ್ಮ ಆಗಲೇ ಹಾಲು ಉಕ್ಕುತ್ತಿದೆ ಎಂದು ಆ ಕಡೆ ತಿರುಗಿದ್ದರು.